ಕೋಟಿನ ಮೇಲೆ ಹೋದ ಹರಳು

2018ರ ಜುಲೈ ತಿಂಗಳ ಒಂದು ಸೋಮವಾರ, ಊಟದ ಬಿಡುವು ಮುಗಿದ ಹೊತ್ತಿನಲ್ಲಿ, ನಾನು ಹೈದರಾಬಾದಿನ ಒಂದು ಸಂಶೋಧನಾ ಸಂಸ್ಥೆಯ ಎರಡನೇ ಮಹಡಿಯಲ್ಲಿ, ರೇಣುಕಾಳ ಮೇಜಿನ ಎಡಬದಿಗೆ, ಕಿಟಕಿಗೆ ಬೆನ್ನು ಮಾಡಿ ನಿಂತಿದ್ದೆ. ಹರಳುಗಳ ಮೇಲೆ ಎಕ್ಸ್-ರೇ ಹಾಯಿಸಿ ಅಣುಗಳ ಜೋಡಣೆಯನ್ನು ಕಂಡುಹಿಡಿಯುವ ಯಂತ್ರ ನನ್ನ ಸುಪರ್ದಿಯಲ್ಲಿತ್ತು.

ರೇಣುಕಾ ಬೀದರ್ ಕಡೆಯವಳು, ಪಿಎಚ್‌ಡಿಯ ಕೊನೆಯ ವರ್ಷದಲ್ಲಿದ್ದಳು. ಎರಡು ಇಂಗಾಲದ ಉಂಗುರಗಳ ನಡುವೆ ಕಬ್ಬಿಣದ ಪರಮಾಣು ಕೂತಿರುವ ಫೆರೊಸೀನ್‌ನಿಂದ ಅವಳು ಒಂದು ಆಮ್ಲ ತಯಾರಿಸಿದ್ದಳು. ಅದರ ಅಣುಗಳು ಹೈಡ್ರೋಜನ್ ಬಂಧವೆಂಬ ಸಡಿಲ ಹಿಡಿತದಿಂದ ಆರಾರು ಸೇರಿ, ನಡುವೆ ಪೊಳ್ಳು ಬಿಟ್ಟು, ಬಳೆಯಂತೆ ಕೂಡಿದ್ದವು. ಆ ಪೊಳ್ಳೇ ಅವಳ ಪ್ರಬಂಧದ ಜೀವ. ಆದರೆ ಮೊದಲ ಸಲ ಸಿಕ್ಕ ಹರಳುಗಳು ತೀರ ಸಣ್ಣವು, ಅಳತೆ ಮಸುಕಾಗಿತ್ತು. ದೊಡ್ಡ ಹರಳಿನಲ್ಲಿ ಮತ್ತೆ ಅಳೆಯದೆ ಪ್ರಬಂಧ ಸಲ್ಲಿಸುವಂತಿಲ್ಲ ಎಂದು ಅವಳ ಗೈಡ್ ಹೇಳಿದ್ದರು.

ಅಂದು ಬೆಳಿಗ್ಗೆ ಪಕ್ಕದ ಕೋಣೆಯ ಇಮ್ರಾನ್, ಕಲಬುರಗಿ ಹುಡುಗ, ಅದೇ ಆಮ್ಲವನ್ನು ಬೇರೆ ದ್ರಾವಕದಲ್ಲಿ ಬೆಳೆಸಿ ತಂದಿದ್ದ. ಸೂಜಿಯಂಥ ಹರಳುಗಳು. ಅವುಗಳಲ್ಲಿ ಬಳೆ ಇರಲಿಲ್ಲ, ಅಣುಗಳು ಸರಪಳಿಯಾಗಿ ಒತ್ತಿಕೊಂಡಿದ್ದವು. ಒಂದನ್ನು ಬ್ಲೇಡಿನಿಂದ ಕತ್ತರಿಸಿ ಯಂತ್ರಕ್ಕೇರಿಸಿದ್ದೆ. ಅದೇ ಲ್ಯಾಬ್ ಕೋಟಿನಲ್ಲಿ, ಕೈಗವಸನ್ನೂ ಬದಲಿಸದೆ, ದೊಡ್ಡ ಹರಳು ಬೆಳೆಯಲೆಂದು ರೇಣುಕಾ ಮೇಜಿನ ಮೇಲೆ ಇಟ್ಟಿದ್ದ ಸೀಸೆಯ ಮುಚ್ಚಳ ತೆಗೆದು ಬಗ್ಗಿದೆ.

"ಸರ್, ಮುಚ್ಚಳ ಯಾಕ ತೆಗದ್ರಿ?"

"ತಡಿಯವಾ, ಒಂದೀಟು ನೋಡ್ತೀನಿ. ಹರಳು ಮೂಡಾಕತ್ತಾವ."

ಬಾಗಿಲಲ್ಲಿದ್ದ ಇಮ್ರಾನ್ ನಕ್ಕ. "ನಜರ್ ಹಾಕಬ್ಯಾಡ್ರಿ ಸರ್. ಪಿಎಚ್‌ಡಿ ಮುಗೀಲಿಲ್ಲಂದ್ರ ಆಕಿ ಲಗ್ನಾನೂ ಇಲ್ಲ."

ಬುಧವಾರ ಸೀಸೆ ತುಂಬ ಸೂಜಿಗಳು. ಆಮೇಲೆ ಆ ಕೋಣೆಯಲ್ಲಿ ಎಷ್ಟು ಸಲ ಬೆಳೆಸಿದರೂ ಸೂಜಿಯೇ. ಕಣ್ಣಿಗೆ ಕಾಣದ ಚೂರೊಂದು ದ್ರಾವಣಕ್ಕೆ ಬಿದ್ದರೆ ಸಾಕು, ಉಳಿದ ಅಣುಗಳೆಲ್ಲ ಅದರಂತೆಯೇ ಜೋಡಿಸಿಕೊಳ್ಳುತ್ತವೆ. ಅದಕ್ಕೆ ಬೀಜಹರಳು ಎನ್ನುತ್ತೇವೆ. ಅದು ನನ್ನ ಕೋಟಿನಿಂದಲೇ ಉದುರಿತೆಂದು ಸಾಬೀತು ಮಾಡಲಾರೆ. ಉದುರಲಿಲ್ಲವೆಂದು ಹೇಳಲೂ ಆರೆ.

ಚಳಿಗಾಲದಲ್ಲಿ ರೇಣುಕಾ, ಸೂಜಿಯ ಚೂರು ತಲುಪದ ಜಾಗ ಬೇಕೆಂದು, ಕಲಬುರಗಿಯ ಕಾಲೇಜೊಂದರ ಪ್ರಯೋಗಾಲಯವನ್ನು ಕೇಳಿಕೊಂಡಳು. ಆಮ್ಲವನ್ನು ಅಲ್ಲೇ ಮೊದಲಿನಿಂದ ತಯಾರಿಸುವವಳಿದ್ದಳು. ಸೀಲು ಒಡೆಯದ ರಾಸಾಯನಿಕ, ಹೊಸ ಸೀಸೆ, ಹೊಸ ಬಟ್ಟೆ, ಚಪ್ಪಲಿ ಸಹ ಹೊಸದು. ಲಿಂಗಂಪಲ್ಲಿ ಸ್ಟೇಷನ್‌ವರೆಗೆ ಬಿಡಲು ಬರುತ್ತೇನೆಂದೆ.

"ತಪ್ಪು ತಿಳೀಬ್ಯಾಡ್ರಿ ಸರ್," ಎಂದಳು. "ನೀವು ನನ್ನ ಹತ್ರ ಬರಬ್ಯಾಡ್ರಿ."

ಅವಳು ಬಯ್ಯಲಿಲ್ಲ. ಮುನ್ನೆಚ್ಚರಿಕೆಯ ಮಾತು ಹೇಳಿದಳು, ಅದು ಸರಿಯಾಗಿಯೇ ಇತ್ತು.

ಕಲಬುರಗಿಯಲ್ಲಿ ಬಳೆಯ ಹರಳು ಬಂತು. ಅಳತೆಯನ್ನು ಬೇರೆ ಊರಿನ ಯಂತ್ರದಲ್ಲಿ ಮಾಡಿಸಿದಳು. ನಾನು ನಿವೃತ್ತನಾಗುವವರೆಗೂ ಒಬ್ಬರ ಹರಳಿನಿಂದ ಇನ್ನೊಬ್ಬರದಕ್ಕೆ ಹೋಗುವ ಮೊದಲು ಕೋಟು, ಕೈಗವಸು ಎರಡನ್ನೂ ಬದಲಿಸಿದೆ. ಕೇಳದೆ ಯಾರ ಸೀಸೆಯನ್ನೂ ಮುಟ್ಟಲಿಲ್ಲ. ಕುತೂಹಲಕ್ಕೂ ಅಪ್ಪಣೆ ಬೇಕೆಂದು ಈ ಕೆಲಸ ನನಗೆ ಕಲಿಸಿತು, ತಡವಾಗಿ.

ಆ ಸೋಮವಾರ ನನ್ನನ್ನು ಕಂಡವರು ಇಬ್ಬರು, ಇಬ್ಬರೂ ಹೈದರಾಬಾದಿನಲ್ಲೇ ಇದ್ದಾರೆ. ಇಮ್ರಾನ್ ಉಪ್ಪಲ್‌ನಲ್ಲಿದ್ದಾನೆ, ನಾನು ಬಗ್ಗಿದಾಗ ಕೋಟು ಸೀಸೆಗೆ ತಾಕಿತೇ ಎಂದು ಕೇಳಿದರೆ "ನೆನಪಿಲ್ರಿ ಸರ್" ಅನ್ನುತ್ತಾನೆ. ರೇಣುಕಾ ದಿಲ್‌ಸುಖ್‌ನಗರದಲ್ಲಿ ಪಾಠ ಹೇಳುತ್ತಾಳೆ. ಅವಳನ್ನು ನಾನು ಇನ್ನೂ ಕೇಳಿಲ್ಲ.