ಮೂರನೇ ಕೊಠಡಿಯ ವೃತ್ತ

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಕ್ಕು ಸುಮ್ಮನಾದವನು ನಾನು. ಅಳತೆಗೆ ಸಿಗದ್ದನ್ನು ನಂಬುವ ಅಭ್ಯಾಸ ನನಗಿರಲಿಲ್ಲ. ಎಂಬತ್ತರ ದಶಕದ ಕೊನೆಯಲ್ಲಿ ಹೊನ್ನಾಳಿಯ ಎಂಜಿನಿಯರ್ ಒಬ್ಬರ ಬಳಿ ಕಟ್ಟಡದ ನಕ್ಷೆ ಬರೆಯುತ್ತಿದ್ದೆ.

ಇನ್ನು ಮೇಲೆ ನಕ್ಷೆಯನ್ನೂ ಕಂಪ್ಯೂಟರಿನಲ್ಲೇ ಬರೆಯಬೇಕಾಗುತ್ತದೆ ಎಂದು ಕೇಳಿ, ಭಾನುವಾರಗಳಂದು ದಾವಣಗೆರೆಗೆ ಹೋಗಿ ಕಲಿಯತೊಡಗಿದೆ. ಶೈಲಜಾ ಮೇಡಂ ಕಲಿಸುತ್ತಿದ್ದರು. ಎರಡು ಬಿಂದು ಕೊಟ್ಟರೆ ಒಂದು ಗೆರೆ; ಮೊದಲ ವಾರಗಳಲ್ಲಿ ಅಷ್ಟೇ ಪಾಠ. ಅಭ್ಯಾಸಕ್ಕೆಂದು ಸವಳಂಗದ ಕಡೆಯ ಒಂದು ಹಳೆಯ ಶಾಲೆಯ ಅಳತೆಗಳನ್ನು ಒಯ್ದಿದ್ದೆ. ಅಲ್ಲಿ ಮೂರನೇ ಕೊಠಡಿಯ ಚಪ್ಪಡಿ ನೆಲದ ಮೇಲೆ ಸಿಮೆಂಟ್ ಹಾಕುವ ಕೆಲಸ ನಮ್ಮ ಕಚೇರಿಗೆ ಬಂದಿತ್ತು.

ಮೂರನೇ ಭಾನುವಾರ ಗೋಡೆಗಳ ಗೆರೆ ಮುಗಿಸಿ ನೋಡಿದರೆ, ಆ ಕೊಠಡಿಯ ಮೂಲೆಯಲ್ಲಿ ಒಂದು ವೃತ್ತವಿತ್ತು. ಅಳಿಸಿದೆ. ನಕ್ಷೆಯನ್ನು ಫ್ಲಾಪಿಗೆ ಹಾಕಿ ಮತ್ತೆ ತೆರೆದಾಗ ಅದೇ ಜಾಗದಲ್ಲಿತ್ತು.

ಮೇಡಂ ಬಂದು ಬಗ್ಗಿ ನೋಡಿದರು. "ವೃತ್ತ ಬರೆಯಾಕೆ ಇನ್ನೂ ಹೇಳ್ಕೊಟ್ಟಿಲ್ಲ, ಹೆಂಗೆ ಬರೆದ್ರಿ?"

"ನಾನು ಬರೆದಿಲ್ಲ ಮೇಡಂ."

"ಕೇಂದ್ರ ಎಲ್ಲಿ, ತ್ರಿಜ್ಯ ಎಷ್ಟು ಅಂತ ಯಾರಾದ್ರೂ ಹೇಳ್ಲೇಬೇಕು ರೀ. ತಾನಾಗೇ ಬರಲ್ಲ ಅದು." ಅವರು ಅಳತೆ ತೆಗೆದರು. ತ್ರಿಜ್ಯ ಎರಡೂಕಾಲು ಅಡಿ.

ಮರುದಿನ ಕಚೇರಿಗೆ ಹೋಗಬೇಕಾದವನು ಶಾಲೆಯ ಕಡೆಗೆ ಬಸ್ಸು ಹತ್ತಿದೆ. ಮೇಸ್ತ್ರಿ ರಹಮತ್ ಸಾಬರು ಆಗಲೇ ಮರಳು ಜರಡಿ ಹಿಡಿಯುತ್ತಿದ್ದರು. ಮೂಲೆಯ ಚಪ್ಪಡಿ ಎಬ್ಬಿಸಿ ಎಂದೆ.

"ಗಟ್ಟಿ ನೆಲ, ಸುಮ್ನೆ ಹೆಂಗೆ ಕೀಳಲಿ ಸಾರ್?"

"ನಕ್ಷೇಲಿ ಐತೆ" ಎಂದುಬಿಟ್ಟೆ.

ಹಾರೆ ತಾಗಿದ್ದೇ ತಡ, ಚಪ್ಪಡಿ ಒಳಕ್ಕೆ ಕುಸಿಯಿತು. ಕ್ಷಣ ಬಿಟ್ಟು ಕೆಳಗೆ ನೀರಿನ ಸದ್ದಾಯಿತು. ತೊಲೆಗಳನ್ನಿಟ್ಟು ಮೇಲೆ ಚಪ್ಪಡಿ ಹಾಸಿ ಮುಚ್ಚಿದ್ದ ಬಾವಿ. ತೊಲೆಗಳನ್ನು ಗೆದ್ದಲು ತಿಂದಿತ್ತು. ಹಿಂದಿನ ಶನಿವಾರದವರೆಗೂ ಎರಡನೇ ತರಗತಿಯ ಮಕ್ಕಳು ಅದರ ಮೇಲೆಯೇ ಕೂತು ಮಗ್ಗಿ ಹೇಳುತ್ತಿದ್ದರು.

ಸಾಬರು ಹಾರೆ ಬಿಟ್ಟು ಗೋಡೆಗೆ ಒರಗಿ ಕೂತರು. "ಇದೇ ಊರಾಗೆ ಹುಟ್ಟಿದೋನು ನಾನು. ಬಾವಿ ಐತೆ ಅಂತ ನಮ್ಮಪ್ಪನೂ ಹೇಳಿರಲಿಲ್ಲ. ನಿಮಗೆ ಯಾರು ಹೇಳಿದ್ರು ಸಾರ್?"

ನಾನು ಟೇಪು ಹಿಡಿದೆ. ಬಾವಿಯ ಬಾಯಿ ಅಡ್ಡಕ್ಕೆ ನಾಲ್ಕೂವರೆ ಅಡಿ ಇತ್ತು, ವೃತ್ತದ ತ್ರಿಜ್ಯದ ಸರಿಯಾಗಿ ಎರಡರಷ್ಟು. ಗೋಡೆಯಿಂದ ಇದ್ದ ದೂರವೂ ಸರಿಹೋಯಿತು.

ಮಕ್ಕಳನ್ನು ಬೇರೆ ಕಡೆ ಕೂರಿಸಿದರು, ಬಾವಿಗೆ ಕಲ್ಲುಮಣ್ಣು ತುಂಬಿಸಿದರು. ಬಾವಿ ಹೇಗೆ ಪತ್ತೆಯಾಯಿತು ಎಂಬ ವರದಿಯನ್ನು ನಾನೇ ಬರೆಯಬೇಕಾಯಿತು. ಕೊನೆಗೆ "ಕೆಲಸದ ವೇಳೆ ಆಕಸ್ಮಿಕವಾಗಿ" ಎಂದು ಬರೆದು ಸಹಿ ಹಾಕಿದೆ. ಅದಕ್ಕಿಂತ ನಿಜವಾದ ವಾಕ್ಯ ನನಗೆ ಇವತ್ತಿಗೂ ಸಿಕ್ಕಿಲ್ಲ.