ನಾಲ್ಕು ಹಲ್ಲಿನ ಕಂಪ್ಯೂಟರು

ನಮ್ಮ ಕಡೆ ಬೇಸಿಗೆ ಬಂತೆಂದು ತಿಳಿಯಲು ಯಾರೂ ಪಂಚಾಂಗ ತೆಗೆಯುವುದಿಲ್ಲ. ಕೂಲರಿನ ಹುಲ್ಲು ವರ್ಷದ ಮೊದಲ ನೀರು ಕುಡಿದಾಗ ಒಂದು ವಾಸನೆ ಏಳುತ್ತದಲ್ಲ, ಅದೇ ಸಾಕು. ಮೊನ್ನೆ ಚಿತ್ತಾಪುರದಲ್ಲಿ ನಮ್ಮ ಶಾಲೆಯ ಸಹೋದ್ಯೋಗಿ ಅಶೋಕ ಅವರ ಮನೆಯ ಹೊಸ್ತಿಲು ದಾಟುವಾಗಲೇ ಆ ವಾಸನೆ ಎದುರಿಗೆ ಬಂತು. ಉಳಿದವರಿಗೆ ಅದು ಮೂಗಿಗೆ ಬಿದ್ದರೆ ನಿದ್ದೆ ಬರುತ್ತದೆ. ನನಗೆ ಮಾತ್ರ ಕಣ್ಣು ಮನೆಯವರ ಕಾಲಿನ ಕಡೆ ಹೋಗುತ್ತದೆ: ಚಪ್ಪಲಿ ಇದೆಯೋ, ಬರಿಗಾಲೋ?

ಅಶೋಕ ನನ್ನನ್ನು ಕರೆದದ್ದು ಸಲಹೆ ಕೇಳಲು. "ಸರ, ಪ್ರೋಗ್ರಾಮಿಂಗ್ ಕಲೀಬೇಕಂತ ಮಾಡೀನಿ. ಅಂಗೈಯಷ್ಟು ಕಂಪ್ಯೂಟರ್ ಬೋರ್ಡ್ ಸಿಗತಾವಲ್ಲ, ಅದರಾಗ ಸಸ್ತಾ ಮತ್ತ ಛಲೋ ಯಾವ್ದು? ನಿಮಗ ಭಾಳ ಅನುಭವ ಅದ ಅಂತ ಕೇಳೀನಿ."

ಅನುಭವವೇನೋ ಇದೆ. ಆದರೆ ಅದನ್ನು ಹೇಳಬೇಕೆಂದರೆ ವಾಡಿಯ ನಮ್ಮ ಅಕ್ಕನ ಮನೆಯಿಂದ ಶುರು ಮಾಡಬೇಕು.

ಶಾಂತಕ್ಕ ಗಣಿತದ ಟೀಚರಾಗಿ ನಿವೃತ್ತಳಾದವಳು. ನಿವೃತ್ತಿಯಾದ ಹೆಂಗಸರು ನಮ್ಮಲ್ಲಿ ವಚನ ಕಲಿಯುತ್ತಾರೆ, ಇಲ್ಲವೇ ಸೊಸೆಯರಿಗೆ ಕಲಿಸುತ್ತಾರೆ. ಅಕ್ಕ ಮೊಬೈಲಿನಲ್ಲಿ ಪಾಠಗಳನ್ನು ನೋಡಿ ನೋಡಿ, ತಾನು ಪ್ರೋಗ್ರಾಂ ಬರೆಯಬೇಕು, ಅದು ಕಣ್ಣಮುಂದೆ ಏನಾದರೂ ಒಂದು ಕೆಲಸ ಮಾಡಬೇಕು ಎಂದು ಹಟ ಹಿಡಿದಳು. ಅದಕ್ಕೆ ಒಂದು ಅಗ್ಗದ ಬೋರ್ಡು ಬೇಕು. ಆರಿಸಲು ನಾನು ಬೇಕು, ಏಕೆಂದರೆ ನಾನು ಭೌತಶಾಸ್ತ್ರ ಓದಿ ಬಿ.ಎಸ್ಸಿ. ಪಾಸಾದವನು, ವಿದ್ಯುತ್ತಿನ ಬಗ್ಗೆ ಹತ್ತು ಅಂಕದ ಪ್ರಶ್ನೆಗೆ ಚಿತ್ರಸಹಿತ ಉತ್ತರ ಬರೆದವನು. ಆ ಹತ್ತು ಅಂಕದ ವಿಷಯಕ್ಕೆ ಆಮೇಲೆ ಬರುತ್ತೇನೆ.

ಈ ಪುಟ್ಟ ಕಂಪ್ಯೂಟರುಗಳಿಗೆ ಅದೇಕೋ ಹಣ್ಣುಗಳ ಹೆಸರಿಡುವ ರೂಢಿ. ನಾನು ಮೊಬೈಲಿನಲ್ಲಿ ಒಂದೊಂದನ್ನೇ ತೋರಿಸುತ್ತಾ ಹೋದೆ. ಅಕ್ಕನ ಗಂಡ, ನಾವು ಮಾಮಾ ಎನ್ನುವವರು, ಫರ್ಸಿ ಕಲ್ಲು ಹಾಸಿದ ನೆಲದ ಮೇಲೆ ಬರಿಮೈಯಲ್ಲಿ ಮಲಗಿಕೊಂಡೇ ಕೇಳಿಸಿಕೊಳ್ಳುತ್ತಿದ್ದರು.

"ಕಂಪ್ಯೂಟರ್ ತೋರಸು ಅಂದ್ರ ಹಣ್ಣಿನ ಬಂಡಿ ತಂದು ನಿಲ್ಲಿಸಿಯಲ್ಲೋ ತಮ್ಮಾ," ಎಂದರು. "ಅದಿರ್ಲಿ, ಎಷ್ಟು ಹಲ್ಲಿಂದು?"

ಮಾಮಾಗೆ ಕಾಳಗಿಯ ಕಡೆ ಹೊಲವಿದೆ. ಆಯುಷ್ಯವೆಲ್ಲ ಎತ್ತು ಕೊಂಡು ಮಾರಿದವರು. ಎತ್ತಿನ ಬಾಯಿ ಬಿಡಿಸಿ ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು ಎಂದು ವಯಸ್ಸು ಎಣಿಸುವವರು. ನಾನು ಮೆಮೊರಿ ಎರಡು ಜಿಬಿ, ನಾಲ್ಕು ಜಿಬಿ, ಎಂಟು ಜಿಬಿ ಎಂದು ವಿವರಿಸಿದೊಡನೆ ಅವರಿಗೆ ಇಡೀ ಕಂಪ್ಯೂಟರ್ ವಿಜ್ಞಾನ ಅರ್ಥವಾಗಿಬಿಟ್ಟಿತು.

"ಎರಡ್ ಹಲ್ಲಿಂದು ಎಳೀದು, ದಣೀತದ. ಎಂಟ್ ಹಲ್ಲಿಂದಕ್ಕ ರೊಕ್ಕ ಜಾಸ್ತಿ, ನಿನ್ನ ಅಕ್ಕ ಏನು ಕಲ್ಲಿನ ಬಂಡಿ ಎಳಸಾಕಿಲ್ಲ. ನಾಕ್ ಹಲ್ಲಿಂದು ತೊಗೋ."

ನಗಬೇಡಿ. ಇದಕ್ಕಿಂತ ಒಳ್ಳೆಯ ಸಲಹೆಯನ್ನು ನಾನು ಈವರೆಗೆ ಎಲ್ಲೂ ಓದಿಲ್ಲ. ಅಕ್ಕ ಇನ್ನೊಂದು ಮಾತು ಸೇರಿಸಿದಳು: "ಎಲ್ಲರಕಿಂತ ಸಸ್ತಾದ್ದು ಬ್ಯಾಡೋ. ಭಾಳ ಮಂದಿ ತೊಗೊಂಡದ್ದು ಇರ್ಲಿ. ನಡುದಾರ್ಯಾಗ ಕೆಟ್ಟು ನಿಂತರ ಕೇಳಾಕ ಒಬ್ಬರಾದ್ರೂ ಇರಬೇಕು." ಹೀಗೆ ಬೋರ್ಡು ಬಂತು. ಬಂದಮೇಲೆ ಗೊತ್ತಾಯಿತು, ಅದು ಅಗ್ಗ ನಿಜ, ಆದರೆ ಒಂಟಿಯಾಗಿ ಬರುತ್ತದೆ. ಮೆಮೊರಿ ಕಾರ್ಡು ಬೇರೆ, ಅಡಾಪ್ಟರು ಬೇರೆ, ಟಿವಿಗೆ ಜೋಡಿಸುವ ಕೇಬಲ್ಲು ಬೇರೆ. "ಎತ್ತಿಗೂ ಹಂಗೇ," ಎಂದು ಮಾಮಾ ಸಮಾಧಾನ ಹೇಳಿದರು, "ಹಗ್ಗ, ಮೂಗುದಾರ, ಗಂಟಿ, ಎಲ್ಲಾ ನಾವೇ ತರಬೇಕು."

ಅಕ್ಕ ಮೊದಲು ಒಂದು ಸಣ್ಣ ದೀಪ ಮಿಣುಕಿಸಿದಳು. ಆ ದೀಪ ನೋಡಲು ಓಣಿಯ ಹೆಂಗಸರೆಲ್ಲ ಬಂದುಹೋದರು. ಮನೆಯಲ್ಲಿ ಅಷ್ಟು ದೊಡ್ಡ ಟ್ಯೂಬ್‌ಲೈಟ್ ಉರಿಯುತ್ತಿರುವಾಗ ಸಾಸಿವೆಯಷ್ಟು ದೀಪಕ್ಕೆ ಯಾಕಿಷ್ಟು ಸಂಭ್ರಮ ಎಂದು ಪಕ್ಕದ ಮನೆಯ ಕಾಶಮ್ಮ ನೇರವಾಗಿಯೇ ಕೇಳಿದಳು. ಅಕ್ಕನಿಗೆ ಅಪಮಾನವಾಯಿತು. ಉಪಯೋಗಕ್ಕೆ ಬರುವಂಥದ್ದನ್ನೇ ಮಾಡಿ ತೋರಿಸುತ್ತೇನೆಂದು ಅವಳು ಸುತ್ತ ನೋಡಿದಾಗ ಕಣ್ಣಿಗೆ ಬಿದ್ದದ್ದು ಕೂಲರು.

ಆ ಕೂಲರಿನ ಪರಿಚಯ ಮಾಡಿಕೊಡಬೇಕು. ತಗಡಿನ ದೊಡ್ಡ ಪೆಟ್ಟಿಗೆ. ಮೂರು ಕಡೆ ಹುಲ್ಲಿನ ಪರದೆ, ಹೊಟ್ಟೆಯಲ್ಲಿ ನೀರು, ಎದೆಯಲ್ಲಿ ವಿಮಾನದ ಸದ್ದಿನ ಫ್ಯಾನು. ಅದಕ್ಕೆ ಒಂದೇ ಒಂದು ದುರ್ಗುಣ. ಮುಟ್ಟಿದರೆ 'ಜುಮ್' ಎನ್ನುತ್ತಿತ್ತು. ಎಷ್ಟೋ ವರ್ಷಗಳಿಂದ ಅದು ಹಾಗೆಯೇ ಇತ್ತು, ಮನೆಗೆ ಬಂದ ಬೀಗರಿಗೆ ನೀರು ಕೊಟ್ಟು, ಕುಂದ್ರಿ ಎಂದು, ಮೂರನೆಯ ಮಾತಾಗಿ "ಕೂಲರಿಗೆ ಕೈ ಹಚ್ಚಬ್ಯಾಡ್ರಿ, ಜುಮ್ ಅಂತದ" ಎಂದು ಹೇಳುವುದು ಉಪಚಾರದ ಭಾಗವಾಗಿತ್ತು. ನೀರು ತುಂಬುವಾಗ ಊಟದ ಕಟ್ಟಿಗೆಯ ಮಣೆಯನ್ನು ಅದರ ಮುಂದೆ ಹಾಕಿ, ಅದರ ಮೇಲೆ ನಿಂತು, ಪ್ಲಾಸ್ಟಿಕ್ ಕೊಡದಿಂದ ಸುರಿಯಬೇಕು. ಕೂಲರು ಜುಮ್ ಎನ್ನದ ಮನೆ ಆ ಓಣಿಯಲ್ಲಿ ಇರಲೇ ಇಲ್ಲ. ಕಾಶಮ್ಮ ಹೇಳುವ ಪ್ರಕಾರ ಅವಳ ಮನೆಯದು ಇನ್ನೂ ಜೋರು. ಅದರಲ್ಲಿ ಅವಳಿಗೆ ಸ್ವಲ್ಪ ಹೆಮ್ಮೆಯೂ ಇತ್ತು. ಹತ್ತು ಅಂಕದ ಉತ್ತರ ಬರೆದ ನಾನು ಕೂಡ, ಹೋದಾಗಲೆಲ್ಲ, ಆ ಮಣೆಯ ಮೇಲೆ ಭಕ್ತಿಯಿಂದ ನಿಂತು ನೀರು ಸುರಿದಿದ್ದೇನೆ.

ಅಕ್ಕನ ಯೋಜನೆ ಸರಳ. ಪಕ್ಕದಲ್ಲಿ ನೀರಿನ ಡ್ರಮ್ಮು, ಅದರಲ್ಲೊಂದು ಸಣ್ಣ ಪಂಪು, ಅಲ್ಲಿಂದ ಕೂಲರಿಗೆ ಒಂದು ಪೈಪು, ಕೂಲರಿನೊಳಗೆ ತೇಲುವ ಒಂದು ಪ್ಲಾಸ್ಟಿಕ್ ಬಿಲ್ಲೆ. ಬಿಲ್ಲೆ ಕೆಳಗಿಳಿದರೆ ಬೋರ್ಡು ಪಂಪನ್ನು ಚಾಲೂ ಮಾಡುತ್ತದೆ; ಮೇಲೆದ್ದರೆ ನಿಲ್ಲಿಸುತ್ತದೆ. ಅದು ಕೆಲಸ ಮಾಡಿದ ದಿನ ಕಾಶಮ್ಮನೂ ಬಾಯಿ ಮುಚ್ಚಿದಳು. ಇನ್ನು ಯಾರೂ ಕೂಲರಿನ ಹತ್ತಿರ ಹೋಗುವ ಕಾರಣವೇ ಇಲ್ಲ ಎಂದು ಮಾಮಾ ಮಣೆಯನ್ನು ಎತ್ತಿ ಅಡುಗೆಮನೆಗೆ ಕಳಿಸಿದರು. ಮನೆಗೆ ವಿಜ್ಞಾನ ಬಂದಿತ್ತು, ಮಣೆಗೆ ನಿವೃತ್ತಿಯಾಗಿತ್ತು.

ಆಮೇಲಿನದು ಒಂದು ಮಧ್ಯಾಹ್ನ. ನಾನು ಊಟ ಮುಗಿಸಿ ಮಂಚದ ಮೇಲೆ ಒರಗಿದ್ದೆ. ಮಾಮಾ ಎಂದಿನಂತೆ ನೆಲಕ್ಕೆ. ಪೈಪಿನ ತುದಿ ಕೂಲರಿನಿಂದ ಯಾವಾಗ ಜಾರಿ ಹೊರಗೆ ಬಿದ್ದಿತೋ ನಮಗಿಬ್ಬರಿಗೂ ತಿಳಿಯಲಿಲ್ಲ. ಬೋರ್ಡಿಗೆ ತಿಳಿದದ್ದು ಇಷ್ಟೇ: ಬಿಲ್ಲೆ ಕೆಳಗಿದೆ, ನೀರು ಹಾಕಬೇಕು. ಹಾಕಿತು. ಇನ್ನೂ ಬಿಲ್ಲೆ ಕೆಳಗಿದೆ, ಇನ್ನೂ ಹಾಕಿತು. ಅಷ್ಟು ವಿಧೇಯ ಆಳು ನಮ್ಮ ಸೀಮೆಯಲ್ಲಿ ಸಿಕ್ಕುವುದಿಲ್ಲ. ನೀರು ಫರ್ಸಿಯ ಮೇಲೆ ಹರಿದು ಮಾಮಾನ ಬೆನ್ನು ಮುಟ್ಟಿತು. "ಏ, ಇದರೌನ," ಎನ್ನುತ್ತಾ ಅವರು ಎದ್ದರು. ಬರಿಗಾಲು. ಒದ್ದೆ ನೆಲ. ಬಗ್ಗಿ ಪೈಪು ಎತ್ತಿಕೊಳ್ಳಲು ಆಸರೆಗೆಂದು ಎಡಗೈಯಿಂದ ಕೂಲರಿನ ಜಾಲರಿ ಹಿಡಿದರು.

ಕಿರುಚಲಿಲ್ಲ. ಜನ ಕಿರುಚುತ್ತಾರೆಂದು ನಾನು ತಿಳಿದಿದ್ದೆ. ಅವರು ಏನನ್ನೋ ಆಳವಾಗಿ ಯೋಚಿಸುತ್ತಿರುವವರ ಹಾಗೆ ಬಗ್ಗಿಯೇ ನಿಂತಿದ್ದರು. ಪೈಪಿನಿಂದ ನೀರು ಅವರ ಪಾದದ ಮೇಲೆ ಬೀಳುತ್ತಿತ್ತು, ಆದರೂ ಪಾದ ಕದಲಲಿಲ್ಲ. ಕೂಲರಿನೊಳಗೆ ಏನು ನೋಡುತ್ತಿದ್ದಾರೆ ಎಂದುಕೊಂಡೆ. ಎದ್ದು, ಮಾಮಾ ಎಂದು ಕರೆಯುತ್ತಾ ಭುಜ ಹಿಡಿಯಲು ಹೊರಟೆ.

"ಮುಟ್ಟಬ್ಯಾಡ!"

ಅಡುಗೆಮನೆಯ ಬಾಗಿಲಲ್ಲಿ ಅಕ್ಕ. ಆ ದನಿ ತರಗತಿಯದು. ಮೂವತ್ತು ಮಕ್ಕಳು ಒಮ್ಮೆಗೇ ಕಲ್ಲಾಗುವ ದನಿ. "ಮುಟ್ಟಬ್ಯಾಡ ತಮ್ಮಾ! ಮೇನ್ ತಗಿ, ಮೇನ್!"

ಮೇನ್ ಸ್ವಿಚ್ಚು ಇದ್ದದ್ದು ಹೊರಗಿನ ಕೋಣೆಯಲ್ಲಿ, ಬಾಗಿಲ ಹಿಂದೆ. ಓಡಿದೆ. ಆ ಓಟವನ್ನು ನಾನು ಇಂದಿಗೂ ಮುಗಿಸಿಲ್ಲ. ಬಾಗಿಲು ಸರಿಸಿದ್ದು, ಗೂಟಕ್ಕೆ ನೇತುಬಿದ್ದ ಮಾಮಾನ ಅಂಗಿ ಅಡ್ಡ ಬಂದದ್ದು, ಅದನ್ನು ಕಿತ್ತೆಸೆದದ್ದು, ಹಿಡಿಕೆ ಸಿಕ್ಕಿ ಕೆಳಗೆ ಜಗ್ಗಿದ್ದು. ಕೂಲರಿನ ಸದ್ದು ನಿಂತಿತು. ಒಳಗೆ ದೊಪ್ಪನೆ ಬಿದ್ದ ಸಪ್ಪಳ. ಹೋಗಿ ನೋಡಿದರೆ ಮಾಮಾ ನೀರಿನಲ್ಲಿ ಬಿದ್ದಿದ್ದರು, ಅಕ್ಕ ಅವರ ಎದೆಗೆ ಕಿವಿ ಇಟ್ಟಿದ್ದಳು. ನಾನು ಉಳಿಸಿದೆ ಎಂಬ ಒಂದು ಕ್ಷಣದ ಬಿಸಿ ನನ್ನ ಮೈಯಲ್ಲಿ ಏರಿದ್ದು ನಿಜ.

ಅಷ್ಟರಲ್ಲಿ ಕಿಟಕಿಯ ಆಚೆಯಿಂದ ಕಾಶಮ್ಮನ ಕೂಗು ಬಂತು: "ಶಾಂತಕ್ಕಾ, ನಿಮ್ಮಲ್ಲೂ ಕರೆಂಟ್ ಹೋತೇನವ್ವಾ? ಈ ಬಿಸಲಾಗ ಕರೆಂಟ್ ತಗೀತಾರಲ್ಲ, ಅವರ ಮನಿ ಹಾಳಾಗ!"

ಹಾಗಾದರೆ ಯಾವುದು ಮೊದಲು? ನನ್ನ ಕೈಯೋ, ಊರಿನ ಕರೆಂಟೋ? ಹಿಡಿಕೆ ಜಗ್ಗುವ ಮೊದಲೇ ಹೊರಗಿನ ಕೋಣೆಯ ಫ್ಯಾನು ನಿಧಾನವಾಗುತ್ತಿತ್ತೇ? ಅಂಗಿ ಅಡ್ಡ ಬಂದಾಗಲೇ ಕೂಲರು ನಿಂತಿತ್ತೇ? ಮಲಗಿದಾಗ, ಬಸ್ಸಿನಲ್ಲಿ, ಪಾಠದ ನಡುವೆ ಕೂಡ ನಾನು ಮನಸ್ಸಿನಲ್ಲೇ ಮತ್ತೆ ಓಡಿ ನೋಡುತ್ತೇನೆ. ಕೆಲವು ಸಲ ನಾನು ಗೆಲ್ಲುತ್ತೇನೆ. ಹೆಚ್ಚಿನ ಸಲ ಕರೆಂಟು ಗೆಲ್ಲುತ್ತದೆ. ಕರೆಂಟು ಹೋಗದಿದ್ದ ಸಲವೂ ಒಂದಿದೆ. ಅದನ್ನು ನಾನು ಪೂರ್ತಿ ನೋಡುವುದಿಲ್ಲ.

ಮಾಮಾ ಉಳಿದರು. ಆಸ್ಪತ್ರೆಯಲ್ಲಿ ಎದೆಗೆ ವೈರು ಹಚ್ಚಿ ನೋಡಿ, ಅಂಗೈಯ ಸುಟ್ಟ ಗಾಯಕ್ಕೆ ಪಟ್ಟಿ ಕಟ್ಟಿ, ಮರುದಿನ ಕಳಿಸಿದರು. ಮನೆಗೆ ಬರುವಷ್ಟರಲ್ಲಿ ಓಣಿಯ ತೀರ್ಪು ಸಿದ್ಧವಾಗಿತ್ತು.

"ಆ ಕಂಪ್ಯೂಟರ್ ಮೊದಲ ತಿಪ್ಪಿಗೆ ಒಗೀರಿ ಯಕ್ಕಾ," ಎಂದಳು ಕಾಶಮ್ಮ. "ಗಂಡನ್ನ ತಿಂತಿತ್ತು. ಈ ವಯಸ್ಸಿನಾಗ ಬೇಕಿತ್ತೇನು ನಿಮಗ?"

ಎಲ್ಲರೂ ಹೌದೆಂದರು. ಮೊಬೈಲಿನ ಚಾರ್ಜರಿನಷ್ಟೇ ಕರೆಂಟು ಕುಡಿಯುವ, ಒದ್ದೆ ಕೈಯಲ್ಲಿ ಹಿಡಿದರೂ ಏನೂ ಎನ್ನದ ಆ ಬಡಪಾಯಿ ಬೋರ್ಡು ಮೇಜಿನ ಮೇಲೆ ಅಪರಾಧಿಯಂತೆ ಕುಳಿತಿತ್ತು. ಮಾಮಾ ಸುಸ್ತಾದ ದನಿಯಲ್ಲಿ, "ಬಿಟ್ಟುಬಿಡು ಶಾಂತಾ, ಸಾಕಿನ್ನ," ಎಂದರು. ಅದೇ ಸಂಜೆ, ಸೆಕೆ ತಡೆಯಲಾರದೆ, ಪಟ್ಟಿ ಕಟ್ಟಿದ ಕೈಯನ್ನು ಎದೆಗಾನಿಸಿಕೊಂಡು ಮಾಮಾ ಹೇಳಿದರು: "ಆ ಮಣಿ ತಂದು ಹಾಕು. ಕೂಲರ್ ಹಚ್ಚು."

ಹಚ್ಚಲಿಲ್ಲ ಅಕ್ಕ. ಬೆಳಿಗ್ಗೆ ನೋಡಿದರೆ ಅವಳು ಕೂಲರಿನ ಪ್ಲಗ್ಗು ಕಿತ್ತು, ಮಂಡಿಯೂರಿ, ಗೋಡೆಯ ಮೇಲಿನ ಒಂದು ಹಸಿರು ವೈರಿನ ಹಿಂದೆ ಬಿದ್ದಿದ್ದಳು. "ಪ್ರೋಗ್ರಾಂ ಕೆಟ್ಟರ ಒಂದೊಂದೇ ಸಾಲು ಹಿಡಕೊಂಡು ಹೋಗಂತಾರ," ಎಂದಳು. "ನನ್ನ ಸಾಲು ನೋಡಿದೆ. ತಪ್ಪು ಅದ. ನೀರು ತುಂಬದಿದ್ರ ಸ್ವಲ್ಪ ಹೊತ್ತಿನ ಮ್ಯಾಲ ನಿಲ್ಲು ಅಂತ ಹೇಳಿರಲಿಲ್ಲ ಅದಕ್ಕ. ಆದ್ರ ಅದು ನೆಲ ಹಸಿ ಮಾಡೋ ತಪ್ಪು, ಮಂದಿ ಕೊಲ್ಲೋ ತಪ್ಪಲ್ಲ. ಅದು ಬ್ಯಾರೆ ಎಲ್ಲೋ ಅದ."

ಹಸಿರು ವೈರು ಎಂದರೆ ಅರ್ಥಿಂಗ್. ತಗಡಿಗೆ ಕರೆಂಟು ಬಂದರೆ ಅದನ್ನು ನೆಲದೊಳಗೆ ಕಳಿಸುವ ವೈರು. ನನ್ನ ಹತ್ತು ಅಂಕದ ಪ್ರಶ್ನೆ. ಅದು ಕಿಟಕಿಯಿಂದ ಹೊರಬಿದ್ದು, ಗೋಡೆಗುಂಟ ನಡೆದು, ಹಿತ್ತಲಿನ ಫರ್ಸಿಯ ಮೇಲಿಟ್ಟ ಬಿಲ್ವಪತ್ರಿ ಗಿಡದ ಕುಂಡದೊಳಗೆ ಇಳಿದು, ಅಲ್ಲಿಗೇ ಮುಗಿದಿತ್ತು. ಕುಂಡದ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು.

ಅಕ್ಕ ಗಂಡನ ಮುಖ ನೋಡಿದಳು.

"ಹಂಗ್ಯಾಕ ನೋಡತಿ?" ಎಂದರು ಮಾಮಾ. "ಮನಿ ಕಟ್ಟುವಾಗ ವೈರಿಂಗಿನವ ಮಣ್ಣಿನಾಗ ಹುಗೀಬೇಕು ಅಂದ. ನಮ್ಮ ವಾಡ್ಯಾಗ ಮಣ್ಣು ಎಲ್ಲದ? ಎರಡ್ ಫೂಟ್ ಅಗದ್ರ ಕಲ್ಲು. ಮಣ್ಣಿದ್ದದ್ದು ಈ ಕುಂಡದಾಗ ಒಂದೇ. ಅಲ್ಲೇ ಹುಗದ್ವಿ. ಓಣ್ಯಾಗ ಎಲ್ಲಾರೂ ಹಂಗೇ ಮಾಡ್ಯಾರ."

ವಾಡಿ, ಶಹಾಬಾದದ ಕಲ್ಲು ದೇಶದ ಎಷ್ಟೋ ಮನೆಗಳಿಗೆ ನೆಲವಾಗಿದೆ. ಅದನ್ನು ಕಳಿಸಿದ ಊರಿನಲ್ಲಿ ಒಂದು ವೈರಿಗೆ ನೆಲ ಸಿಕ್ಕಿರಲಿಲ್ಲ.

"ಹಾಯೋ ಎತ್ತಿನ್ನ ಮನ್ಯಾಗ ಸಾಕ್ಕೊಂಡು, ಕೊರಳಾಗಿನ ಗಂಟಿ ತಿಪ್ಪಿಗೆ ಒಗಿ ಅಂತೀರಲ್ರೀ," ಎಂದಳು ಅಕ್ಕ. ದನಿ ಏರಿಸಲಿಲ್ಲ. ಮಾಮಾ ಬಗ್ಗಿ ಕುಂಡದ ಒಣಮಣ್ಣನ್ನು ಬೆರಳಿನಿಂದ ಕೆದಕಿದರು. ಆಮೇಲೆ ಖಣಿಯಲ್ಲಿ ಕಲ್ಲು ತೆಗೆಯುವ ಪರಿಚಯದವರಿಗೆ ತಾವೇ ಫೋನು ಹಚ್ಚಿದರು. ಹಿತ್ತಲಿನಲ್ಲಿ ಪದರು ಪದರಾಗಿ ಕಲ್ಲು ಎದ್ದು, ಕೊನೆಗೆ ಹಸಿ ಮಣ್ಣು ಸಿಕ್ಕಿತು. ಸೋರುವ ಕರೆಂಟನ್ನು ತಾನೇ ಕಡಿದುಹಾಕುವ ಒಂದು ಡಬ್ಬಿಯೂ ಮೇನಿನ ಪಕ್ಕದಲ್ಲಿ ಬಂತು. ಬೋರ್ಡು ಇದ್ದಲ್ಲೇ ಉಳಿಯಿತು. ಅಕ್ಕ ಈಗ ಎರಡನೆಯ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿದ್ದಾಳೆ.

"ಹಂಗಾದ್ರ ಯಾವ್ದು ತೊಗೋಬೇಕು ಅಂತೀರಿ ಸರ?" ಎಂದು ಅಶೋಕ ಮತ್ತೆ ಕೇಳಿದರು. ಇಷ್ಟೆಲ್ಲ ನಾನು ಅವರಿಗೆ ಹೇಳಿರಲಿಲ್ಲ. ಚಹಾ ಹಿಡಿದುಕೊಂಡು ಸುಮ್ಮನೆ ಕುಳಿತಿದ್ದೆನೆಂದು ಕಾಣುತ್ತದೆ. ಅವರ ಹೆಂಡತಿ ಕೊಡ ಹಿಡಿದು ಕೂಲರಿನ ಕಡೆ ಹೊರಟಿದ್ದರು. ಬರಿಗಾಲು.

"ಒಂದ್ ನಿಮಿಷ ತಾಯಿ," ಎಂದೆ. ಬಟ್ಟಲು ಕೆಳಗಿಟ್ಟು ಮಂಡಿಯೂರಿ, ಕೂಲರನ್ನು ಮುಟ್ಟದೆ, ಅದರ ಹಿಂದೆ ಬಗ್ಗಿ ನೋಡಿದೆ. ಹಸಿರು ವೈರು ಪ್ಲಗ್ಗಿನ ಹತ್ತಿರವೇ ತುಂಡಾಗಿತ್ತು. ಯಾರೋ ಅದನ್ನು ಅಂದವಾಗಿ ಮಡಿಸಿ ಟೇಪು ಸುತ್ತಿದ್ದರು.

"ಅದು ಮದಲಿಂದ ಹಂಗೇ ಅದರೀ ಸರ," ಎಂದು ಅಶೋಕ ನಕ್ಕರು. "ಸ್ವಲ್ಪ ಜುಮ್ ಅಂತದ ಅಷ್ಟೇ. ಈವರೆಗೂ ಏನೂ ಆಗಿಲ್ಲ ನೋಡ್ರಿ."

ನಾನು ಎದ್ದು ಗೋಡೆಯವರೆಗೆ ನಡೆದೆ. ಕೂಲರಿನ ಸ್ವಿಚ್ಚು ಆರಿಸಿದೆ. ಫ್ಯಾನು ನಿಧಾನಕ್ಕೆ ನಿಂತಿತು. ಕೋಣೆಯೊಳಗೆ ಸೆಕೆ ಒಮ್ಮೆಲೇ ಬಂದು ಕುಳಿತಿತು. ಕೊಡ ಹಿಡಿದ ಹೆಂಗಸು, ನಗು ಅರ್ಧಕ್ಕೆ ನಿಂತ ಅಶೋಕ, ಇಬ್ಬರೂ ನನ್ನನ್ನು ಹುಚ್ಚನನ್ನು ನೋಡುವಂತೆ ನೋಡಿದರು. ನಾನು ಕೈ ತೆಗೆಯದೆ ಕಿವಿಗೊಟ್ಟೆ. ಊರಿನ ಕರೆಂಟು ಹೋಗಿರಲಿಲ್ಲ; ಓಣಿಯುದ್ದಕ್ಕೂ ಉಳಿದ ಮನೆಗಳ ಕೂಲರುಗಳು ಗುಂಯ್ ಎನ್ನುತ್ತಲೇ ಇದ್ದವು.