ಬ್ರೇಕೋ ಕಾಲೋ: ಬೂದಿಗೆರೆಗೆ ಹೋಗಿಬಂದದ್ದು

ದೊಡ್ಡಬೆಳವಂಗಲದಿಂದ ನಾವು ಹೊರಟಾಗ ಮಂಜು ಇನ್ನೂ ಹೊಲಗಳ ಮೇಲಿಂದ ಎದ್ದಿರಲಿಲ್ಲ. ನಮ್ಮ ಕಾರಿಗೆ ಚಾವಣಿ ಇಲ್ಲ. ಎರಡೇ ಸೀಟು, ನೆಲಕ್ಕೆ ತಾಗುವಂಥ ಕೆಂಪು ಮೈ. ಹಳೆಯ ಕಾರೊಂದರ ಎಂಜಿನ್ನು, ಚಕ್ರ ಹಾಕಿ ನಮ್ಮ ಯಜಮಾನರೇ ಕಟ್ಟಿದ ಸ್ಪೋರ್ಟ್ಸ್ ಕಾರು. ಗಿರಣಿಯಲ್ಲಿ ಮಗ್ಗ ರಿಪೇರಿ ಮಾಡಿಕೊಂಡಿದ್ದು ನಿವೃತ್ತರಾದವರು, ಸುಮ್ಮನೆ ಕೂರಲಾರದೆ ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ಬಡಿದು ಬೆಸೆದು ಇದನ್ನು ಮಾಡಿದರು. ನಾನು ತಲೆಗೆ ಮಫ್ಲರ್ ಸುತ್ತಿ, ಸ್ವೆಟರಿನ ಮೇಲೆ ಶಾಲು ಹೊದ್ದು ಪಕ್ಕದಲ್ಲಿ ಕೂತೆ.

"ಏನಮ್ಮಾ, ಬಾಣಂತಿ ಥರ ಹೊದ್ಕಂಡು ರೇಸಿಗೆ ಹೊಂಟ್ರಾ?" ಎಂದು ಹಾಲಿನ ಡೈರಿಯ ಮುಂದೆ ನಿಂತಿದ್ದವರು ನಕ್ಕರು.

ಹೋಗುತ್ತಿದ್ದುದು ಬೂದಿಗೆರೆಯ ನನ್ನ ಚಿಕ್ಕಮ್ಮನ ಮನೆಗೆ. ಅವರೆಕಾಯಿ ಕಾಲದಲ್ಲಿ ಅಲ್ಲಿಗೆ ಹೋಗಿ ಒಂದು ಊಟ ಮಾಡಿಬರುವುದು ರೂಢಿ. ಆದರೆ ಈ ಸಲದ ಕೆಲಸ ಬೇರೆಯಿತ್ತು. ಕಾರಿನ ಬ್ರೇಕ್ ಒಮ್ಮೊಮ್ಮೆ ಹಿಡಿಯುತ್ತಿರಲಿಲ್ಲ. ಪೆಡಲ್ ಒತ್ತಿದರೆ ಕೆಸರಿಗೆ ಕಾಲಿಟ್ಟಂತೆ ತಳ ಮುಟ್ಟುತ್ತಿತ್ತು. ಮತ್ತೆ ಒತ್ತಿದರೆ ಏನೂ ಆಗಿಲ್ಲವೆಂಬಂತೆ ಹಿಡಿಯುತ್ತಿತ್ತು. ತಮಾಷೆಯೆಂದರೆ ಹೀಗೆ ಆಗುತ್ತಿದ್ದುದು ಇವರೊಬ್ಬರಿಗೇ. ಬೇರೆ ಯಾರು ಓಡಿಸಿದರೂ ಬ್ರೇಕ್ ಸರಿಯಾಗಿತ್ತು. ಇವರಿಗೆ ಸಕ್ಕರೆ ಕಾಯಿಲೆ, ಪಾದ ಜೋಮು ಹಿಡಿಯುತ್ತದೆ. ಕೆಟ್ಟಿರುವುದು ಬ್ರೇಕಲ್ಲ, ಕಾಲು ಎಂದು ಮನೆಯಲ್ಲಿ ಎಲ್ಲರೂ ಬಾಯಿಬಿಡದೆ ತೀರ್ಮಾನಿಸಿದ್ದರು. ನಾನೂ ಅವರಲ್ಲಿ ಒಬ್ಬಳು.

"ಇವತ್ತು ಗೊತ್ತಾಗ್ಬೇಕು ಸರೋಜ. ನನ್ನ ಕಾಲೇ ಆದ್ರೆ ಇನ್ಮೇಲೆ ಸ್ಟೀರಿಂಗ್ ಮುಟ್ಟಲ್ಲ" ಎಂದರು ಇವರು. ಕಾರು ಬಿಟ್ಟರೆ ಈ ಮನುಷ್ಯನಿಗೆ ಬೆಳಗ್ಗೆ ಏಳಲು ಬೇರೆ ಕಾರಣವಿಲ್ಲವೆಂದು ನನಗೆ ಗೊತ್ತಿತ್ತು.

ದೊಡ್ಡಬಳ್ಳಾಪುರದವರೆಗೆ ಹದಿನೈದು ಕಿಲೋಮೀಟರಿನಷ್ಟು ದಾರಿ. ನಿಧಾನವಾಗಿಯೇ ಹೋದೆವು, ನನ್ನ ಕೈ ಹ್ಯಾಂಡ್ ಬ್ರೇಕಿನ ಮೇಲಿಂದ ಏಳಲಿಲ್ಲ. ಊರು ಇನ್ನೇನು ಸಿಕ್ಕಿತು ಎನ್ನುವಾಗ ಒಂದು ಹಂಪು ಬಂತು. ಕಾರು ನಿಲ್ಲದೆ ಅದರ ಮೇಲೆ ಹಾರಿತು. "ಪೆಡಲ್ ಇಳೀತು! ನೋಡ್ದ್ಯಾ?" ಎಂದು ಇವರು ಕೂಗಿದರು. ನಾನೇನು ನೋಡಲಿ? ಅವರ ಕಾಲು ಸ್ಟೀರಿಂಗಿನ ಕೆಳಗಿನ ಕತ್ತಲೆ ಗುಂಡಿಯೊಳಗಿತ್ತು. ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸಿದೆ.

ಪೇಟೆಯಲ್ಲಿ ಇವರಿಗೆ ಪರಿಚಯದ ಮೆಕ್ಯಾನಿಕ್ ಇದ್ದಾನೆ. ನಾಲ್ಕೂ ಚಕ್ರ ಬಿಚ್ಚಿ ನೋಡಿದ. ಬ್ರೇಕ್ ಆಯಿಲ್ ಒಂದು ತೊಟ್ಟೂ ಸೋರಿರಲಿಲ್ಲ. ಪೈಪಿನಲ್ಲಿ ಗಾಳಿಯಿರಬಹುದೆಂದು ಅದನ್ನೂ ತೆಗೆದ. ಅಷ್ಟರಲ್ಲಿ ನಾವು ತಟ್ಟೆ ಇಡ್ಲಿ ತಿಂದು ಬಂದೆವು. ಕೊನೆಗೆ ತಾನೇ ಒಂದು ಸುತ್ತು ಓಡಿಸಿ, ನಮ್ಮೆದುರು ಟೈರು ಕಿರ್ರೆನ್ನುವಂತೆ ನಿಲ್ಲಿಸಿದ.

"ಕಲ್ಲಿದ್ದಂಗೈತೆ ಸಾರ್ ಬ್ರೇಕು" ಎಂದವನು, ಆಮೇಲೆ ದನಿ ತಗ್ಗಿಸಿ, "ಬೇಜಾರ್ ಮಾಡ್ಕಬೇಡಿ, ಶುಗರ್ ಹೆಂಗೈತೆ?" ಎಂದು ಕೇಳಿದ.

ಇವರು ಕೀಲಿಯನ್ನು ನನ್ನ ಕೈಗಿಟ್ಟು ಎಡಗಡೆಯ ಸೀಟಿನಲ್ಲಿ ಹೋಗಿ ಕೂತರು.

ಅಲ್ಲಿಂದ ದೇವನಹಳ್ಳಿ, ಅಲ್ಲಿಂದ ಬೂದಿಗೆರೆ ನಾನೇ ಓಡಿಸಿದೆ. ಬಿಸಿಲೇರಿ ಶಾಲು ತೆಗೆದೆ. ತಲೆಯ ಮೇಲೆ ವಿಮಾನ, ಪಕ್ಕದಲ್ಲಿ ಜಲ್ಲಿ ಲಾರಿ, ನಡುವೆ ನಮ್ಮ ಈ ಆಟಿಕೆ. ಹಂಪು, ಸಿಗ್ನಲ್ಲು, ಅಡ್ಡಬಂದ ಸ್ಕೂಟರು ಎಲ್ಲಕ್ಕೂ ಬ್ರೇಕ್ ಗಕ್ಕನೆ ಹಿಡಿಯಿತು. ಹಿಡಿದಾಗಲೆಲ್ಲ ಇವರ ಮುಖ ಒಂದಿಷ್ಟು ಇಳಿಯಿತು. ಜೀವಮಾನದಲ್ಲಿ ಮೊದಲ ಸಲ, ಈ ಬ್ರೇಕ್ ನನಗೂ ಒಮ್ಮೆ ಕೆಡಬಾರದೇ ಎಂದು ದೇವರನ್ನು ಬೇಡಿಕೊಂಡೆ.

"ನೀನು ಬ್ರೇಕ್ ಒತ್ತಲ್ಲ ಕಣೇ, ಜಿರಳೆ ತುಳೀತೀಯ" ಎಂದರು ಒಮ್ಮೆ. ಅಷ್ಟಾದರೂ ಮಾತಾಡಿದರಲ್ಲ ಎನ್ನಿಸಿತು.

ಚಿಕ್ಕಮ್ಮನ ಮನೆಯ ಸುತ್ತ ಈಗ ಲೇಔಟಿನ ಕಾಂಪೌಂಡುಗಳು. ಆದರೂ ಹಿತ್ತಲ ಹೊಲದಲ್ಲಿ ಅವರೆ ಹಾಕುವುದನ್ನು ಆಕೆ ಬಿಟ್ಟಿಲ್ಲ. ಬಿಸಿ ಮುದ್ದೆ, ಹಿತಕಿದ ಬೇಳೆ ಸಾರು, ಮೇಲೆ ತುಪ್ಪ. ಇಂಥ ಊಟದ ಮುಂದೆ ಕೂತು ಇವರು ಮುದ್ದೆಯನ್ನು ಬರೀ ಮುರಿಯುತ್ತಿದ್ದರು.

"ಕಾರು ಮಾರ್ಬಿಡ್ತೀನಿ ಚಿಕ್ಕಮ್ಮ."

"ಮಾರಾದು ಆಮ್ಯಾಕೆ. ಮೊದ್ಲು ಉಣ್ಣಪ್ಪ" ಎಂದು ಆಕೆ ಇನ್ನೊಂದು ಸೌಟು ಬಡಿಸಿದರು.

ಹೊರಡುವಾಗ ಬರಿಗೈಯಲ್ಲಿ ಕಳಿಸುವ ಜಾಯಮಾನ ಆಕೆಯದಲ್ಲ. ಮೇಲೆ ಹಿಡಿಯಿರುವ ತೂಕು ಪಾತ್ರೆಯ ಕುತ್ತಿಗೆಯವರೆಗೆ ಬಿಸಿ ಸಾರು ತುಂಬಿಸಿ ಕೊಟ್ಟರು. ಅದರ ಮುಚ್ಚಳ ಸಡಿಲ. ಇವರು ಪಾತ್ರೆಯನ್ನು ಎರಡು ಪಾದಗಳ ನಡುವೆ ಇಟ್ಟುಕೊಂಡು ಕೂತರು.

"ಮೆಲ್ಲಗೆ ಕಣೇ, ಚೆಲ್ಲುತ್ತೆ."

"ಆಯ್ತು, ನಿಮ್ಮ ಥರಾನೇ ಓಡಿಸ್ತೀನಿ ಬಿಡಿ."

ಊರಾಚೆ ಹಂಪು ಕಂಡಿತು. ಸಾರಿನ ಭಯಕ್ಕೆ ದೂರದಿಂದಲೇ ಪೆಡಲಿನ ಮೇಲೆ ಕಾಲಿಟ್ಟು ಮೆಲ್ಲಗೆ ಒತ್ತಿದೆ. ಮೊದಲು ತಡೆಯಿತು. ಆಮೇಲೆ ಕಾಲಡಿಯಲ್ಲೇ ಇಳಿಯತೊಡಗಿತು, ಇಳಿದು ಇಳಿದು ತಳ ಮುಟ್ಟಿತು. ಕಾರು ಹಂಪಿನ ಮೇಲೆ ಜಿಗಿಯಿತು, ಪಾತ್ರೆಯೂ ಜಿಗಿಯಿತು. ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸಿ, "ಇಳೀತು ರೀ! ನಂಗೂ ಇಳೀತು!" ಎಂದು ಕಿರುಚಿದೆ. ಬ್ರೇಕ್ ಫೇಲಾಗಿದ್ದಕ್ಕೆ ಇಷ್ಟು ಸಂತೋಷಪಟ್ಟವಳು ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು.

"ಅಯ್ಯೋ, ಸುಡ್ತು ಕಣೇ!"

"ಎಲ್ಲಿ?"

"ಪಾದ!"

"ಯಾವ ಪಾದ?"

ಬಗ್ಗಿ ಕಾಲು ಮುಟ್ಟಿ ನೋಡಿಕೊಂಡರು. "ಬಲಗಾಲು" ಎಂದರು, ಬ್ರೇಕ್ ಒತ್ತುವ ಅದೇ ಕಾಲು. ಅವರ ಕಣ್ಣು ತುಂಬಿದ್ದವು, ನನ್ನವೂ.

ಬಾಟಲಿಯ ನೀರು ಕಾಲಿಗೆ ಸುರಿದೆ. ಸದ್ಯ, ಬೊಬ್ಬೆ ಎದ್ದಿರಲಿಲ್ಲ. ಇವರು ಚಪ್ಪಲಿಯನ್ನೂ ಮೆಟ್ಟದೆ ಓಡಿಬಂದು ನನ್ನ ಸೀಟಿನಲ್ಲಿ ಕೂತರು. ನಿಂತ ಕಾರಿನಲ್ಲೇ ಪೆಡಲನ್ನು ಫಟ್ಟನೆ ಒತ್ತಿದರು, ಹಿಡಿಯಿತು. ಮೆಲ್ಲಗೆ ಒತ್ತಿ ಹಿಡಿದರು, ಇಳಿಯಿತು. ಮತ್ತೆ ಮತ್ತೆ ಅದನ್ನೇ ಮಾಡಿದರು. ಪೆಡಲಿನ ಒತ್ತಡವನ್ನು ಚಕ್ರಗಳಿಗೆ ಕಳಿಸುವ ಮಾಸ್ಟರ್ ಸಿಲಿಂಡರನ್ನು ಇವರು ಹಳೆಯ ಕಾರಿನಿಂದಲೇ ತೆಗೆದು ಹಾಕಿದ್ದರು. ಅದರೊಳಗಿನ ರಬ್ಬರ್ ವಾಷರ್ ಸವೆದಿದೆಯೆಂದು ಈಗ ಇವರಿಗೆ ಹೊಳೆಯಿತು. ಜೋರಾಗಿ ತುಳಿದರೆ ರಬ್ಬರ್ ಅಗಲವಾಗಿ ಗೋಡೆಗೆ ಅಂಟಿಕೊಳ್ಳುತ್ತದೆ. ಮೆಲ್ಲಗೆ ಒತ್ತಿದರೆ ಆಯಿಲ್ ಸಂದಿಯಲ್ಲಿ ನುಸುಳಿ ಹಿಂದಕ್ಕೇ ಬರುತ್ತದೆ. ಹೊರಗೆ ಒಂದು ತೊಟ್ಟೂ ಬೀಳುವುದಿಲ್ಲ. ನಾವೆಲ್ಲ ಈ ಕಾರಿಗೆ ಹೆದರಿ ಜಿರಳೆ ತುಳಿದವರೇ. ಕೈಯಾರೆ ಕಟ್ಟಿದ್ದು ನೊಂದೀತು ಎಂದು ಮೆಲ್ಲಗೆ ಒತ್ತುತ್ತಿದ್ದವರು ಇವರೊಬ್ಬರು.

ಕಾರನ್ನು ಚಿಕ್ಕಮ್ಮನ ಅಂಗಳಕ್ಕೆ ತಳ್ಳಿಸಿ, ಬಸ್ಸಿನಲ್ಲಿ ವಾಪಸು ಹೊರಟೆವು. ಹೆಂಗಸಾದ್ದರಿಂದ ನನಗೆ ಟಿಕೆಟ್ ಪುಕ್ಕಟೆ, ಇವರು ಕಾಸು ಕೊಟ್ಟರು. ದೇವನಹಳ್ಳಿಯಲ್ಲಿ ಬಸ್ಸು ಬದಲಾಯಿಸುವಾಗ ಮೆಕ್ಯಾನಿಕ್‌ಗೆ ಫೋನು ಹಚ್ಚಿ, "ಕಾಲಲ್ಲ ಕಣಯ್ಯಾ, ವಾಷರ್ರು!" ಎಂದು ಕೂಗಿದರು. ಬಸ್ ನಿಲ್ದಾಣದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಇಬ್ಬರ ಮೈಯೂ ಸಾರಿನ ವಾಸನೆ ಹೊಡೆಯುತ್ತಿತ್ತು.

ದೊಡ್ಡಬೆಳವಂಗಲ ಬಂದಾಗ ಹೊತ್ತು ಮುಳುಗುತ್ತಿತ್ತು. ನಾನು ಮೊದಲು ಇಳಿದು, ಇವರನ್ನು ಹಿಡಿದು ಇಳಿಸಲು ವಾಡಿಕೆಯಂತೆ ಕೈ ಚಾಚಿದೆ. ಇವರು ಅದರಲ್ಲಿ ಖಾಲಿ ತೂಕು ಪಾತ್ರೆ ಇಟ್ಟು, ಮದುವೆಯ ದಿನ ನಾನು ಇವರ ಹೊಸಿಲು ದಾಟಿದ ಹಾಗೆ ಬಲಗಾಲನ್ನೇ ಮುಂದಿಟ್ಟು ನೆಲಕ್ಕಿಳಿದರು.